ಐಡಿಇಯಲ್ಲಿ ಓಡುತ್ತೆ, ಜಾರ್‌ನಲ್ಲಿ ಓಡಲ್ಲ: ರಿಸೋರ್ಸ್ ಫೈಲುಗಳನ್ನ ಬಿಲ್ಡ್ ಸ್ಕ್ರಿಪ್ಟಿಂದಲೇ ಜಾರ್ ಒಳಗೆ ಹಾಕೋದು ಹೇಗೆ

ಐಡಿಇಯಲ್ಲಿ (ಕೋಡ್ ಬರೆದು ಓಡಿಸೋ ಎಕ್ಲಿಪ್ಸ್ ಥರದ ಪ್ರೋಗ್ರಾಂ) ರನ್ ಕೊಟ್ಟರೆ ಐಕಾನ್ ಬರುತ್ತೆ, ಫಾಂಟ್ ಬರುತ್ತೆ, ಮೆನುವಲ್ಲಿ ಕನ್ನಡನೂ ಚೆನ್ನಾಗೇ ಕಾಣುತ್ತೆ. ಅದನ್ನೇ ಜಾರ್ (ಇಡೀ ಜಾವಾ ಪ್ರೋಗ್ರಾಂ ಕಟ್ಟಿಟ್ಟ ಒಂದೇ ಫೈಲು) ಮಾಡಿ ಬೇರೆ ಮೆಷಿನ್‌ಗೆ ಹಾಕಿ ಡಬಲ್ ಕ್ಲಿಕ್ ಮಾಡಿದ್ರೆ ಒಂದೋ ಏನೂ ಓಪನ್ನೇ ಆಗಲ್ಲ, ಇಲ್ಲಾಂದ್ರೆ ನಲ್ ಪಾಯಿಂಟರ್ ಎಕ್ಸೆಪ್ಶನ್, ಅಂದ್ರೆ ಕೇಳಿದ್ದು ಸಿಗದೆ ನಲ್ (ಏನೂ ಇಲ್ಲ) ಬಂದಾಗ ಆಗೋ ಎರರ್. ಜಾವಾ ಕೆಲಸ ಮಾಡೋರಿಗೆ ಇದೇನೂ ಹೊಸದಲ್ಲ, ಆದ್ರೂ ಪ್ರತಿ ಸಲ ಜನ ಮೊದಲು ಕೋಡ್ ಕೆದಕೋಕೆ ಶುರು ಮಾಡ್ತಾರೆ, ಜಾರ್ ಒಳಗೆ ಆ ಫೈಲ್ ನಿಜವಾಗ್ಲೂ ಇದೆಯಾ ಅಂತ ನೋಡೋದೇ ಇಲ್ಲ. ಐಕಾನ್, ಫಾಂಟ್ ಥರ ಕೋಡ್ ಜೊತೆ ಹೋಗೋ ಫೈಲುಗಳೇ ರಿಸೋರ್ಸ್, ಕೋಡನ್ನ ಜಾರ್ ಆಗಿ ಕಟ್ಟೋ ಸೂಚನೆಗಳಿರೋ ಫೈಲೇ ಬಿಲ್ಡ್ ಸ್ಕ್ರಿಪ್ಟ್. ಇಲ್ಲಿ ಇರೋದು ಎರಡೇ ಪ್ರಶ್ನೆ. ಫೈಲ್ ಜಾರ್ ಒಳಗೆ ಯಾವ ಪಾತ್‌ನಲ್ಲಿ ಕೂತಿದೆ, ಕೋಡ್ ಅದನ್ನ ಯಾವ ಪಾತ್‌ನಿಂದ ಕೇಳ್ತಿದೆ. ಎರಡೂ ಒಂದೇ ಆಗಿದ್ರೆ ಕೆಲಸ ಆಯ್ತು.

ಕೈಯಲ್ಲಿ ಒಂದು ಉದಾಹರಣೆ ಇಟ್ಕೊಳ್ಳೋಣ. ಅಂಗಡಿಗೆ ಬಿಲ್ ಪ್ರಿಂಟ್ ಮಾಡೋ ಒಂದು ಸಣ್ಣ ಸ್ವಿಂಗ್ (ಜಾವಾದಲ್ಲಿ ವಿಂಡೋ, ಮೆನು ಮಾಡೋ ಲೈಬ್ರರಿ) ಪ್ರೋಗ್ರಾಂ. ಅದರ ಜೊತೆ ಹೋಗಬೇಕಾದ್ದು: ಐಕಾನ್ಸ್ ಫೋಲ್ಡರ್‌ನಲ್ಲಿ ಒಂದು ಲೋಗೋ, ಫಾಂಟ್ಸ್ ಫೋಲ್ಡರ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಟಿಟಿಎಫ್ ಫೈಲು, ಕನ್ನಡ ಮೆನು ಪದಗಳಿರೋ ಮೆಸೇಜಸ್ ಅಂಡರ್‌ಸ್ಕೋರ್ ಕೆಎನ್ ಪ್ರಾಪರ್ಟೀಸ್ ಫೈಲು (ಸಾಲಿಗೊಂದು ಹೆಸರು, ಅದರ ಬೆಲೆ ಬರೆದಿರೋ ಟೆಕ್ಸ್ಟ್ ಫೈಲು), ವರ್ಷನ್ ನಂಬರ್ ಇರೋ ಒಂದು ಪ್ರಾಪರ್ಟೀಸ್ ಫೈಲು, ಆಮೇಲೆ ಫಾಂಟಿನ ಲೈಸೆನ್ಸ್. ಲೈಸೆನ್ಸ್ ಯಾಕೆ ಅಂದ್ರೆ ನೋಟೋ ಬರೋದು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿ, ಸಾಫ್ಟ್‌ವೇರ್ ಜೊತೆ ಸೇರಿಸಿ ಕೊಡ್ಬಹುದು, ಮಾರಬಹುದು ಕೂಡ, ಆದ್ರೆ ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ಜೊತೇಲೇ ಇರ್ಬೇಕು. ಇದನ್ನ ಬಿಡೋರೇ ಜಾಸ್ತಿ.

(ಕಮಾಂಡು, ಟ್ಯಾಗು ಇವನ್ನೆಲ್ಲ ಇಲ್ಲಿ ಉಚ್ಚಾರಣೆ ಥರ ಬರೆದಿದ್ದೀನಿ, ನೀವು ಟೈಪ್ ಮಾಡೋವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೀರಿ.)

ಮೊದಲು ಜಾರ್ ಬಿಚ್ಚಿ ನೋಡಿ

ಜಾರ್ ಅಂದ್ರೆ ಮಾಯೆ ಏನಲ್ಲ, ಅದು ಝಿಪ್ ಫೈಲೇ, ಒಳಗೆ ಮೆಟಾ-ಐಎನ್‌ಎಫ್ ಅನ್ನೋ ಫೋಲ್ಡರ್‌ನಲ್ಲಿ ಮ್ಯಾನಿಫೆಸ್ಟ್ ಅಂತ ಒಂದು ಟೆಕ್ಸ್ಟ್ ಫೈಲ್ ಜಾಸ್ತಿ ಇರುತ್ತೆ ಅಷ್ಟೆ. ಎಕ್ಸ್‌ಟೆನ್ಶನ್ ಬದಲಿಸಿ ಝಿಪ್ ಅಂತ ಮಾಡಿದ್ರೆ ಯಾವ ಆರ್ಕೈವ್ ಟೂಲ್ ಬೇಕಾದ್ರೂ ಬಿಚ್ಚುತ್ತೆ. ಟರ್ಮಿನಲ್ ಇದ್ರೆ ಇನ್ನೂ ಸುಲಭ: ಜಾರ್, ಸ್ಪೇಸ್, ಟಿಎಫ್, ಸ್ಪೇಸ್, ಫೈಲಿನ ಹೆಸರು. ಒಳಗಿರೋ ಎಲ್ಲಾ ಪಾತ್ ಪಟ್ಟಿ ಬರುತ್ತೆ. ಟಿಎಫ್ ಬದಲು ಟಿವಿಎಫ್ ಅಂತ ಕೊಟ್ರೆ ಪ್ರತಿ ಫೈಲಿನ ಸೈಜೂ ತೋರಿಸುತ್ತೆ, ಇದು ಮುಂದೆ ಫಾಂಟ್ ವಿಚಾರಕ್ಕೆ ಬೇಕಾಗುತ್ತೆ.

ಪಟ್ಟಿಯಲ್ಲಿ ಐಕಾನ್ಸ್/ಲೋಗೋ.ಪಿಎನ್‌ಜಿ ಅಂತ ಕಂಡ್ರೆ ಸರಿ. ರಿಸೋರ್ಸಸ್/ಐಕಾನ್ಸ್/ಲೋಗೋ.ಪಿಎನ್‌ಜಿ ಅಂತ ಕಂಡ್ರೆ ಮೇಲಿನ ಫೋಲ್ಡರ್ ಕೂಡ ಒಳಗೆ ಬಂದುಬಿಟ್ಟಿದೆ, ಕೋಡ್‌ಗೆ ಸಿಗಲ್ಲ. ಲೋಗೋ ಬದಲು ಎಲ್ ದೊಡ್ಡಕ್ಷರ ಆಗಿದ್ರೂ ಸಿಗಲ್ಲ, ವಿಂಡೋಸ್‌ನ ಫೋಲ್ಡರ್‌ನಲ್ಲಿ ದೊಡ್ಡದು ಚಿಕ್ಕದು ಎರಡೂ ಒಂದೇ ಅಂತ ನಡೆಯುತ್ತೆ, ಜಾರ್ ಒಳಗೆ ನಡೆಯಲ್ಲ, ಅದೇ ವಿಂಡೋಸ್ ಮೆಷಿನ್‌ನಲ್ಲಿ ಓಡಿಸಿದ್ರೂ ನಡೆಯಲ್ಲ.

ಇನ್ನೊಂದು ಕಣ್ಣಿಗೆ ಬೀಳದ ತೊಂದರೆ ಇದೆ. ಐಡಿಇಯಲ್ಲಿ ರಿಸೋರ್ಸಸ್ ಕೆಳಗೆ ಹೊಸ ಡೈರೆಕ್ಟರಿ ಮಾಡಿ ಇನ್ ಡಾಟ್ ಅಂಗಡಿ ಡಾಟ್ ಬಿಲ್ ಅಂತ ಹೆಸರು ಕೊಡ್ತಾರೆ, ಪ್ಯಾಕೇಜ್ ಥರ ಒಂದರೊಳಗೊಂದು ಮೂರು ಫೋಲ್ಡರ್ ಆಗುತ್ತೆ ಅಂದ್ಕೊಂಡು. ಎಷ್ಟೋ ಸಲ ಆಗೋದು ಚುಕ್ಕಿ ಸಮೇತ ಒಂದೇ ಉದ್ದ ಹೆಸರಿನ ಫೋಲ್ಡರ್. ಎಡಗಡೆ ಟ್ರೀಯಲ್ಲಿ ಎರಡೂ ಒಂದೇ ಥರ ಕಾಣುತ್ತೆ, ಜಾರ್ ಪಟ್ಟಿಯಲ್ಲಿ ಮಾತ್ರ ಚುಕ್ಕಿ ಇದೆಯೋ ಸ್ಲ್ಯಾಶ್ ಇದೆಯೋ ಅಂತ ಗೊತ್ತಾಗೋದು.

ಕೈಯಿಂದ ತುರುಕೋದು ಟೆಸ್ಟಿಗೆ ಮಾತ್ರ

ಫೈಲ್ ಇಲ್ಲ ಅಂತ ಗೊತ್ತಾದ ಕೂಡಲೇ ಜಾರ್ ಯುಎಫ್ ಕಮಾಂಡ್ ಕೊಟ್ಟು ಒಳಗೆ ತುರುಕಬಹುದು. ಅದಕ್ಕೆ ದೊಡ್ಡಕ್ಷರದ ಮೈನಸ್ ಸಿ ಆಪ್ಶನ್ ಹಾಕಿ: ಜಾರ್ ಯುಎಫ್, ಜಾರ್ ಹೆಸರು, ಮೈನಸ್ ಸಿ, ರಿಸೋರ್ಸಸ್, ಆಮೇಲೆ ಐಕಾನ್ಸ್/ಲೋಗೋ.ಪಿಎನ್‌ಜಿ. ಮೈನಸ್ ಸಿ ಅಂದ್ರೆ ಮೊದಲು ಆ ಫೋಲ್ಡರ್‌ಗೆ ಹೋಗಿ ಅಲ್ಲಿಂದ ಪಾತ್ ಲೆಕ್ಕ ಹಾಕು ಅಂತ. ಅದು ಬಿಟ್ಟರೆ ಮೇಲೆ ಹೇಳಿದ ರಿಸೋರ್ಸಸ್/ಐಕಾನ್ಸ್ ಕಥೆಯೇ. ಪಾತ್ ಸರಿಯಾ ಅಂತ ಬೇಗ ಪರೀಕ್ಷೆ ಮಾಡೋಕೆ ಇದು ಒಳ್ಳೇದು. ಆದ್ರೆ ಇದನ್ನೇ ಅಭ್ಯಾಸ ಮಾಡ್ಕೋಬೇಡಿ, ನಾಳೆ ಬೇರೆ ಯಾರೋ ಬಿಲ್ಡ್ ಹೊಡೆದಾಗ ಆ ಫೈಲ್ ಮತ್ತೆ ಇರಲ್ಲ, ಯಾಕೆ ಇಲ್ಲ ಅಂತ ಅವರಿಗೆ ಗೊತ್ತೂ ಆಗಲ್ಲ. ರಿಲೀಸ್ ಆಗೋ ಜಾರ್‌ನೊಳಗೆ ಏನಿರ್ಬೇಕು ಅಂತ ಹೇಳೋ ಜಾಗ ಬಿಲ್ಡ್ ಸ್ಕ್ರಿಪ್ಟ್ ಮಾತ್ರ. ಅದನ್ನ ಓಡಿಸೋ ಬಿಲ್ಡ್ ಟೂಲುಗಳಲ್ಲಿ ಆಂಟ್, ಮೇವನ್, ಗ್ರೇಡಲ್ ಮೂರನ್ನ ಒಂದೊಂದಾಗಿ ನೋಡೋಣ.

ಆಂಟ್ ಇದ್ದೋರಿಗೆ

ಹಳೇ ಪ್ರಾಜೆಕ್ಟುಗಳು ಇನ್ನೂ ಆಂಟ್‌ನಲ್ಲೇ ಇವೆ, ನಕ್ಕು ಪ್ರಯೋಜನ ಇಲ್ಲ, ಕೆಲಸ ನಡೀತಿದೆ. ಆಂಟ್‌ಗೆ ನಿಮ್ಮ ಫೋಲ್ಡರ್ ಬಗ್ಗೆ ಸ್ವಂತ ಅಭಿಪ್ರಾಯ ಅಂತ ಏನೂ ಇಲ್ಲ, ಹೇಳಿದ್ದಷ್ಟೇ ಮಾಡುತ್ತೆ. ಜಾವಾಸಿ ಟಾಸ್ಕ್ ಜಾವಾ ಫೈಲುಗಳನ್ನ ಕಂಪೈಲ್ ಮಾಡಿ ಕ್ಲಾಸ್ ಫೈಲ್ ಇಡುತ್ತೆ, ಪಕ್ಕದಲ್ಲೇ ಕೂತಿರೋ ಪಿಎನ್‌ಜಿಯನ್ನ ಮುಟ್ಟಲ್ಲ. ಹಾಗಾಗಿ ಎರಡು ದಾರಿ. ಒಂದು, ಕಂಪೈಲ್ ಆದ್ಮೇಲೆ ಕಾಪಿ ಟಾಸ್ಕ್ ಹಾಕಿ, ಟುಡಿರ್‌ಗೆ ಕ್ಲಾಸಸ್ ಫೋಲ್ಡರ್ ಕೊಟ್ಟು, ಒಳಗೆ ಫೈಲ್‌ಸೆಟ್ ಇಟ್ಟು ಜಾವಾ ಫೈಲುಗಳನ್ನ ಎಕ್ಸ್‌ಕ್ಲೂಡ್ ಮಾಡೋದು. ಎರಡು, ಜಾರ್ ಟಾಸ್ಕ್ ಒಳಗೇ ರಿಸೋರ್ಸಸ್ ಫೋಲ್ಡರ್‌ಗೆ ಇನ್ನೊಂದು ಫೈಲ್‌ಸೆಟ್ ಸೇರಿಸೋದು. ಎರಡನೇದೇ ನನಗೆ ಇಷ್ಟ, ಜಾರ್ ಒಳಗೆ ಏನೇನು ಹೋಗುತ್ತೆ ಅನ್ನೋದು ಒಂದೇ ಕಡೆ ಓದೋಕೆ ಸಿಗುತ್ತೆ.

ಲೈಸೆನ್ಸ್ ಫೈಲನ್ನ ಮೆಟಾ-ಐಎನ್‌ಎಫ್ ಒಳಗೆ ಇಡೋಕೆ ಅದೇ ಜಾರ್ ಟಾಸ್ಕ್‌ನಲ್ಲಿ ಮೆಟಾಇನ್ಫ್ ಅನ್ನೋ ಟ್ಯಾಗ್ ಇದೆ, ಬೇರೆ ಯಾವ್ದಾದ್ರೂ ಪಾತ್‌ಗೆ ಹಾಕ್ಬೇಕಿದ್ರೆ ಝಿಪ್‌ಫೈಲ್‌ಸೆಟ್ ಟ್ಯಾಗ್ ಬಳಸಿ ಪ್ರಿಫಿಕ್ಸ್ (ಪಾತ್ ಮುಂದೆ ಸೇರೋ ಫೋಲ್ಡರ್ ಹೆಸರು) ಕೊಡಿ. ಫೈಲ್‌ಸೆಟ್‌ಗೆ ಪ್ರಿಫಿಕ್ಸ್ ಕೊಡೋಕೆ ಬರಲ್ಲ, ಝಿಪ್‌ಫೈಲ್‌ಸೆಟ್‌ಗೆ ಬರುತ್ತೆ, ಇದೊಂದು ಗೊತ್ತಿದ್ರೆ ಅರ್ಧ ಆಂಟ್ ಗೊತ್ತಿದ್ದ ಹಾಗೆ.

ಮೇವನ್

ಮೇವನ್‌ನಲ್ಲಿ ಜಾಗ ಮೊದಲೇ ಗೊತ್ತುಮಾಡಿಟ್ಟಿದ್ದಾರೆ: ಎಸ್‌ಆರ್‌ಸಿ/ಮೇನ್/ರಿಸೋರ್ಸಸ್. ಇದರೊಳಗೆ ಏನಿಟ್ಟರೂ ಅದೇ ಪಾತ್‌ನಲ್ಲಿ ಟಾರ್ಗೆಟ್/ಕ್ಲಾಸಸ್‌ಗೆ ಹೋಗಿ ಅಲ್ಲಿಂದ ಜಾರ್‌ಗೆ ಹೋಗುತ್ತೆ, ಪೋಮ್ ಫೈಲ್‌ನಲ್ಲಿ (ಅದೇ ಮೇವನ್ ಬಿಲ್ಡ್ ಸ್ಕ್ರಿಪ್ಟ್) ಒಂದಕ್ಷರ ಬರೀಬೇಕಾಗಿಲ್ಲ. ಬಿಲ್ಡ್ ಲಾಗ್‌ನಲ್ಲಿ ಕಾಪಿಯಿಂಗ್ ಇಷ್ಟು ರಿಸೋರ್ಸಸ್ ಅಂತ ಒಂದು ಸಾಲು ಬರುತ್ತೆ, ಅಲ್ಲಿ ಸಂಖ್ಯೆ ಸೊನ್ನೆ ಇದ್ರೆ ಮುಂದೆ ಓದೋದೇ ಬೇಡ, ಫೈಲ್ ತಪ್ಪು ಜಾಗದಲ್ಲಿದೆ. ಸಾಮಾನ್ಯವಾಗಿ ಎಲ್ಲಿರುತ್ತೆ ಅಂದ್ರೆ ಎಸ್‌ಆರ್‌ಸಿ/ಮೇನ್/ಜಾವಾ ಒಳಗೆ, ಕ್ಲಾಸಿನ ಪಕ್ಕದಲ್ಲೇ. ಎಕ್ಲಿಪ್ಸ್‌ನಲ್ಲಿ ಮಾಡಿದ ಸಾದಾ ಜಾವಾ ಪ್ರಾಜೆಕ್ಟ್ ಆದ್ರೆ ಅದರ ಸ್ವಂತ ಬಿಲ್ಡರ್ ಅಂಥ ಫೈಲುಗಳನ್ನೂ ಕಾಪಿ ಮಾಡುತ್ತೆ, ಮೇವನ್ ಮಾಡಲ್ಲ, ಅಂಥ ಪ್ರಾಜೆಕ್ಟ್‌ನ ಮೇವನ್‌ಗೆ ತಂದಾಗ ಐಕಾನ್ ಎಲ್ಲ ಮಾಯ ಆಗೋದು ಇದಕ್ಕೇ.

ತೊಂದರೆ ಶುರುವಾಗೋದು ಪೋಮ್‌ನಲ್ಲಿ ರಿಸೋರ್ಸಸ್ ಟ್ಯಾಗ್ ಬರೆದಾಗ. ನೀವು ಅಲ್ಲಿ ಬೇರೆ ಒಂದು ಫೋಲ್ಡರ್ ಹೆಸರು ಹಾಕಿದ ಕೂಡಲೇ ಮೊದಲಿನ ಡೀಫಾಲ್ಟ್ ಜಾಗ ರದ್ದಾಗುತ್ತೆ. ಅದರ ಜೊತೆಗೆ ಇದೂ ಇರಲಿ ಅಂತ ಮೇವನ್ ಅಂದ್ಕೊಳ್ಳಲ್ಲ, ಇದಷ್ಟೇ ಇರಲಿ ಅಂದ್ಕೊಳ್ಳುತ್ತೆ. ಹಾಗಾಗಿ ಹೊಸ ಫೋಲ್ಡರ್ ಸೇರಿಸೋವಾಗ ಎಸ್‌ಆರ್‌ಸಿ/ಮೇನ್/ರಿಸೋರ್ಸಸ್‌ನೂ ಇನ್ನೊಂದು ರಿಸೋರ್ಸ್ ಟ್ಯಾಗ್ ಹಾಕಿ ಕೈಯಾರೆ ಬರೀರಿ. ಲೈಸೆನ್ಸ್‌ಗೆ ಮೂರನೇದು, ಡೈರೆಕ್ಟರಿ ಅಂತ ಲೀಗಲ್ ಫೋಲ್ಡರ್ ಕೊಟ್ಟು ಟಾರ್ಗೆಟ್‌ಪಾತ್ ಅಂತ ಮೆಟಾ-ಐಎನ್‌ಎಫ್ ಕೊಡಿ.

ಈಗ ಫಿಲ್ಟರಿಂಗ್, ಅಂದ್ರೆ ಫೈಲ್ ಕಾಪಿ ಆಗೋವಾಗ ಒಳಗೆ ಗುರುತು ಮಾಡಿಟ್ಟ ಜಾಗದಲ್ಲಿ ನಿಜವಾದ ಬೆಲೆ ತುಂಬೋದು. ವರ್ಷನ್ ಫೈಲ್‌ನಲ್ಲಿ ಡಾಲರ್ ಚಿಹ್ನೆ ಹಾಕಿ ಕರ್ಲಿ ಬ್ರಾಕೆಟ್ ಒಳಗೆ ಪ್ರಾಜೆಕ್ಟ್ ಡಾಟ್ ವರ್ಷನ್ ಅಂತ ಬರೆದು ಫಿಲ್ಟರಿಂಗ್ ಟ್ರೂ ಮಾಡಿದ್ರೆ ಬಿಲ್ಡ್ ಆಗೋವಾಗ ನಿಜವಾದ ನಂಬರ್ ಅಲ್ಲಿ ಬಂದು ಕೂರುತ್ತೆ. ಅನುಕೂಲ. ಆದ್ರೆ ಇಡೀ ರಿಸೋರ್ಸಸ್ ಫೋಲ್ಡರ್‌ಗೆ ಫಿಲ್ಟರಿಂಗ್ ಆನ್ ಮಾಡಿಬಿಟ್ರೆ ಮೇವನ್ ಅಲ್ಲಿರೋ ಎಲ್ಲವನ್ನೂ ಟೆಕ್ಸ್ಟ್ ಅಂತಲೇ ಓದಿ ಬರೆಯುತ್ತೆ. ಪಿಎನ್‌ಜಿ, ಜೆಪಿಜಿ, ಜಿಫ್, ಬಿಎಂಪಿ ಇವನ್ನ ಮುಟ್ಟಬಾರದು ಅಂತ ಅದಕ್ಕೆ ಮೊದಲೇ ಗೊತ್ತಿದೆ, ಹಾಗಾಗಿ ಲೋಗೋ ಬಚಾವ್. ಟಿಟಿಎಫ್ ಆ ಪಟ್ಟಿಯಲ್ಲಿಲ್ಲ. ಫಾಂಟಿನ ಒಳಗಿರೋ ಬೈಟ್‌ಗಳು ಯುಟಿಎಫ್-8 (ಅಕ್ಷರಗಳನ್ನ ಬೈಟ್ ಆಗಿ ಬರೆಯೋ ಒಂದು ರೀತಿ) ಟೆಕ್ಸ್ಟ್ ಅಲ್ಲವಲ್ಲ, ಅರ್ಥ ಆಗದ ಬೈಟ್ ಸಿಕ್ಕಿದ ಕಡೆಯೆಲ್ಲ ಬೇರೆ ಮೂರು ಬೈಟ್ ತಂದು ಹಾಕುತ್ತೆ, ಫೈಲ್ ಊದಿಕೊಳ್ಳುತ್ತೆ, ಪ್ರೋಗ್ರಾಂ ಓಡಿಸಿದಾಗ ಫಾಂಟ್ ಫಾರ್ಮ್ಯಾಟ್ ಎಕ್ಸೆಪ್ಶನ್. ಫೈಲ್ ಇದೆ, ಪಾತ್ ಸರಿಯಿದೆ, ಕೋಡ್ ಸರಿಯಿದೆ, ಆದ್ರೂ ಓಡಲ್ಲ, ತಲೆ ಕೆಡೋದು ಇಂಥದ್ದಕ್ಕೇ. ಟಿವಿಎಫ್ ಕೊಟ್ಟು ಜಾರ್ ಒಳಗಿನ ಫಾಂಟ್ ಸೈಜನ್ನ ಮೂಲ ಫಾಂಟ್ ಸೈಜ್ ಜೊತೆ ತಾಳೆ ನೋಡಿ, ಒಂದು ಬೈಟ್ ಹೆಚ್ಚು ಕಮ್ಮಿ ಇದ್ರೂ ಫಿಲ್ಟರಿಂಗ್‌ನದ್ದೇ ಕೆಲಸ.

ಇದಕ್ಕೆ ನಾನ್‌ಫಿಲ್ಟರ್ಡ್ ಫೈಲ್ ಎಕ್ಸ್‌ಟೆನ್ಶನ್ಸ್ ಅಂತ ಪ್ಲಗಿನ್ ಸೆಟ್ಟಿಂಗ್ ಇದೆ, ಅಲ್ಲಿ ಟಿಟಿಎಫ್ ಸೇರಿಸಬಹುದು. ನನ್ನ ಕೇಳಿದ್ರೆ ಅದು ಬೇಡ, ನಾಳೆ ಯಾರೋ ಪಿಡಿಎಫ್ ತಂದಿಡ್ತಾರೆ, ನಾಡಿದ್ದು ಇನ್ನೇನೋ, ಪಟ್ಟಿ ಅಪ್‌ಡೇಟ್ ಮಾಡೋರು ಯಾರು. ಫಿಲ್ಟರ್ ಆಗ್ಬೇಕಾದ ಫೈಲುಗಳಿಗೆ ರಿಸೋರ್ಸಸ್-ಫಿಲ್ಟರ್ಡ್ ಅಂತ ಬೇರೆ ಫೋಲ್ಡರ್ರೇ ಮಾಡಿ, ಅದಕ್ಕೊಂದಕ್ಕೆ ಮಾತ್ರ ಫಿಲ್ಟರಿಂಗ್ ಟ್ರೂ ಕೊಡಿ, ಉಳಿದದ್ದನ್ನ ಹಾಗೇ ಬಿಡಿ. ಜೊತೆಗೆ ಪೋಮ್‌ನ ಪ್ರಾಪರ್ಟೀಸ್‌ನಲ್ಲಿ ಪ್ರಾಜೆಕ್ಟ್ ಡಾಟ್ ಬಿಲ್ಡ್ ಡಾಟ್ ಸೋರ್ಸ್‌ಎನ್‌ಕೋಡಿಂಗ್ ಯುಟಿಎಫ್-8 ಅಂತ ಇದೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಮೇವನ್ ಪ್ಲಾಟ್‌ಫಾರ್ಮ್ ಎನ್‌ಕೋಡಿಂಗ್ ಬಳಸ್ತಿದ್ದೀನಿ ಅಂತ ವಾರ್ನಿಂಗ್ ಕೊಡುತ್ತೆ, ಎಲ್ರೂ ಅದನ್ನ ನೋಡಿ ಮುಂದೆ ಹೋಗ್ತಾರೆ.

ಗ್ರೇಡಲ್

ಜಾಗ ಮೇವನ್‌ದೇ, ಎಸ್‌ಆರ್‌ಸಿ/ಮೇನ್/ರಿಸೋರ್ಸಸ್. ಕಾಪಿ ಮಾಡೋ ಟಾಸ್ಕ್ ಹೆಸರು ಪ್ರೋಸೆಸ್‌ರಿಸೋರ್ಸಸ್, ಅದು ಫೈಲುಗಳನ್ನ ಬಿಲ್ಡ್/ರಿಸೋರ್ಸಸ್/ಮೇನ್‌ಗೆ ಹಾಕುತ್ತೆ, ಕ್ಲಾಸ್ ಫೈಲುಗಳು ಬೇರೆ ಫೋಲ್ಡರ್‌ನಲ್ಲಿರುತ್ತೆ, ಜಾರ್ ಆಗೋವಾಗ ಎರಡೂ ಸೇರುತ್ತೆ. ಇನ್ನೊಂದು ಫೋಲ್ಡರ್ ಬೇಕಂದ್ರೆ ಸೋರ್ಸ್‌ಸೆಟ್ಸ್ ಬ್ಲಾಕ್‌ನಲ್ಲಿ ಮೇನ್, ರಿಸೋರ್ಸಸ್, ಎಸ್‌ಆರ್‌ಸಿಡಿರ್ ಅಂತ ಹೆಸರು ಕೊಡಿ, ಇಲ್ಲಿ ಹಳೇದು ರದ್ದಾಗಲ್ಲ, ಸೇರ್ಕೊಳ್ಳುತ್ತೆ. ಲೈಸೆನ್ಸ್‌ಗೆ ಜಾರ್ ಬ್ಲಾಕ್ ಒಳಗೆ ಫ್ರಮ್ ಅಂತ ಲೀಗಲ್ ಫೋಲ್ಡರ್ ಕೊಟ್ಟು, ಅದರೊಳಗೆ ಇನ್‌ಟು ಅಂತ ಮೆಟಾ-ಐಎನ್‌ಎಫ್ ಬರೀರಿ.

ಜಾರ್ ಬ್ಲಾಕಿನ ಫ್ರಮ್ ಬಳಸೋವಾಗ ಒಂದು ವಿಷಯ. ಅದು ಫೈಲನ್ನ ಜಾರ್‌ಗೆ ಮಾತ್ರ ಹಾಕುತ್ತೆ, ಗ್ರೇಡಲ್ ರನ್ ಅಂತ ಓಡಿಸಿದಾಗಲಾಗಲಿ ಟೆಸ್ಟ್ ಓಡಿಸಿದಾಗಲಾಗಲಿ ಅದು ಜಾವಾ ಕ್ಲಾಸು, ರಿಸೋರ್ಸು ಹುಡುಕೋ ಜಾಗಗಳ ಪಟ್ಟಿಯಾದ ಕ್ಲಾಸ್‌ಪಾತ್‌ನಲ್ಲಿ ಇರಲ್ಲ. ಕೋಡ್ ಓದೋ ಫೈಲುಗಳನ್ನ ಸೋರ್ಸ್‌ಸೆಟ್ ಕಡೆಯಿಂದ ತನ್ನಿ, ಯಾರೂ ಓದದ, ಸುಮ್ನೆ ಜೊತೆಗಿರ್ಬೇಕಾದ ಲೈಸೆನ್ಸ್ ಥರದ್ದಕ್ಕೆ ಮಾತ್ರ ಫ್ರಮ್. ಎರಡೂ ಕಡೆ ಹಾಕಿದ್ರೆ ಗ್ರೇಡಲ್ 7ರಿಂದ ಈಚೆಗೆ ಈ ಎಂಟ್ರಿ ಡೂಪ್ಲಿಕೇಟ್ ಅಂತ ಬಿಲ್ಡೇ ನಿಲ್ಲುತ್ತೆ. ಆಗ ಜನ ಡೂಪ್ಲಿಕೇಟ್ಸ್ ಸ್ಟ್ರಾಟೆಜಿಗೆ ಎಕ್ಸ್‌ಕ್ಲೂಡ್ ಅಂತ ಹಾಕಿ ಎರರ್ ಬಾಯಿ ಮುಚ್ಚಿಸ್ತಾರೆ. ಬೇಡ, ಯಾಕೆ ಎರಡು ಸಲ ಬರ್ತಿದೆ ಅಂತ ಹುಡುಕಿ, ಯಾಕಂದ್ರೆ ಎರಡು ಕಡೆಯ ಫೈಲಲ್ಲಿ ವ್ಯತ್ಯಾಸ ಇದ್ರೆ ಯಾವುದು ಒಳಗೆ ಹೋಯ್ತು ಅಂತ ನಿಮಗೇ ಗೊತ್ತಿರಲ್ಲ.

ವರ್ಷನ್ ತುಂಬಿಸೋಕೆ ಪ್ರೋಸೆಸ್‌ರಿಸೋರ್ಸಸ್ ಒಳಗೆ ಎಕ್ಸ್‌ಪ್ಯಾಂಡ್ ಇದೆ. ಮೇವನ್‌ನ ಫಾಂಟ್ ಕಥೆ ಇಲ್ಲೂ ಅದೇ, ಅದಕ್ಕೆ ಎಕ್ಸ್‌ಪ್ಯಾಂಡನ್ನ ಯಾವಾಗ್ಲೂ ಫೈಲ್ಸ್‌ಮ್ಯಾಚಿಂಗ್ ಒಳಗೆ, ವರ್ಷನ್ ಫೈಲಿನ ಹೆಸರು ಕೊಟ್ಟೇ ಬರೀರಿ. ಜೊತೆಗೆ ಎಕ್ಸ್‌ಪ್ಯಾಂಡ್ ಹಿಂದೆ ಇರೋದು ಗ್ರೂವಿ ಟೆಂಪ್ಲೇಟ್, ಫೈಲ್‌ನಲ್ಲಿ ಬೇರೆ ಎಲ್ಲಾದ್ರೂ ಡಾಲರ್ ಚಿಹ್ನೆ ಇದ್ರೆ ಅದನ್ನೂ ವೇರಿಯಬಲ್ ಅಂದ್ಕೊಂಡು ಎಡವುತ್ತೆ. ಫಿಲ್ಟರಿಂಗ್ ಚಾರ್‌ಸೆಟ್ ಯುಟಿಎಫ್-8 ಅಂತ ಅಲ್ಲೇ ಕೊಟ್ಟುಬಿಡಿ.

ಒಂದು ಒಳ್ಳೇದು: ನೀವು ರಿಸೋರ್ಸಸ್‌ನಿಂದ ಫೈಲ್ ಡಿಲೀಟ್ ಮಾಡಿದ್ರೆ ಗ್ರೇಡಲ್ ಬಿಲ್ಡ್ ಫೋಲ್ಡರ್‌ನಿಂದಲೂ ತೆಗೆಯುತ್ತೆ. ಮೇವನ್ ತೆಗೆಯಲ್ಲ, ಟಾರ್ಗೆಟ್‌ನಲ್ಲಿ ಹಳೇದು ಹಾಗೇ ಕೂತು ಜಾರ್‌ಗೂ ಹೋಗುತ್ತೆ, ಅದಕ್ಕೆ ರಿಲೀಸ್ ಬಿಲ್ಡ್ ಮಾಡೋವಾಗ ಕ್ಲೀನ್ ಸೇರಿಸಿ ಹೊಡೀರಿ. ಇನ್ನೊಂದು, ಮೂರೂ ಟೂಲುಗಳು ಕೆಲವು ಹೆಸರುಗಳನ್ನ ಕೇಳದೇನೇ ಬಿಟ್ಟುಬಿಡುತ್ತೆ, ಡಾಟ್ ಗಿಟ್‌ಇಗ್ನೋರ್, ಕೊನೇಲಿ ಟಿಲ್ಡೆ ಇರೋ ಬ್ಯಾಕಪ್ ಫೈಲ್ ಇಂಥವು. ಪ್ರಾಜೆಕ್ಟ್ ಟೆಂಪ್ಲೇಟ್ ಮಾಡಿಕೊಡೋ ಟೂಲ್ ಬರೆಯೋರು ಡಾಟ್ ಗಿಟ್‌ಇಗ್ನೋರನ್ನ ರಿಸೋರ್ಸ್ ಆಗಿ ಇಟ್ಟು ಅದು ಎಲ್ಲಿ ಹೋಯ್ತು ಅಂತ ಹುಡುಕ್ತಿರ್ತಾರೆ. ಬೇರೆ ಹೆಸರಲ್ಲಿ ಇಟ್ಟು ಕೋಡ್‌ನಲ್ಲಿ ಹೆಸರು ಬದಲಿಸಿ.

ಈಗ ಕೋಡ್ ಕಡೆ

ಫೈಲ್ ಒಳಗೆ ಸರಿಯಾಗಿ ಕೂತಿದೆ ಅಂತ ಆಯ್ತು. ಕೇಳೋದು ಗೆಟ್‌ರಿಸೋರ್ಸ್‌ಆಸ್‌ಸ್ಟ್ರೀಮ್‌ನಿಂದ. ಇದು ಎರಡು ಕಡೆ ಇದೆ, ಸ್ಲ್ಯಾಶ್ ವಿಚಾರದಲ್ಲಿ ಎರಡೂ ಉಲ್ಟಾ. ಕ್ಲಾಸ್ ಮೇಲೆ ಕರೆದ್ರೆ ಮುಂದೆ ಸ್ಲ್ಯಾಶ್ ಇಲ್ಲದ ಪಾತ್ ಆ ಕ್ಲಾಸಿನ ಪ್ಯಾಕೇಜ್‌ನಿಂದ ಶುರು, ಸ್ಲ್ಯಾಶ್ ಇದ್ರೆ ಜಾರ್‌ನ ಬುಡದಿಂದ ಶುರು. ಕ್ಲಾಸ್‌ಲೋಡರ್ ಮೇಲೆ ಕರೆದ್ರೆ ಯಾವಾಗ್ಲೂ ಬುಡದಿಂದಲೇ, ಆದ್ರೆ ಮುಂದೆ ಸ್ಲ್ಯಾಶ್ ಹಾಕಬಾರದು, ಹಾಕಿದ್ರೆ ನಲ್. ಯಾವ್ದಾದ್ರೂ ಒಂದನ್ನ ಇಡೀ ಪ್ರಾಜೆಕ್ಟ್‌ಗೆ ಗೊತ್ತುಮಾಡ್ಕೊಳ್ಳಿ, ನಾನು ಕ್ಲಾಸ್ ಮೇಲೆ ಸ್ಲ್ಯಾಶ್ ಹಾಕಿ ಕರೆಯೋದನ್ನೇ ಹೇಳೋದು, ಜಾರ್ ಪಟ್ಟಿಯಲ್ಲಿ ಕಂಡ ಪಾತ್ ಮುಂದೆ ಒಂದು ಸ್ಲ್ಯಾಶ್, ಮುಗೀತು.

ಫೈಲ್ ಕ್ಲಾಸ್ ಬಳಸಿ ರಿಸೋರ್ಸ್ ಓದೋದನ್ನ ಮಾತ್ರ ಬಿಟ್ಟುಬಿಡಿ. ಐಡಿಇಯಲ್ಲಿ ಓಡಿಸಿದಾಗ ಲೋಗೋ ಡಿಸ್ಕ್ ಮೇಲಿರೋ ನಿಜವಾದ ಫೈಲು, ಫೈಲ್ ಆಬ್ಜೆಕ್ಟ್ ಸಿಗುತ್ತೆ. ಜಾರ್ ಒಳಗೆ ಅದು ಝಿಪ್‌ನ ಒಂದು ಎಂಟ್ರಿ, ಅಡ್ರೆಸ್ ಜಾರ್ ಕೋಲನ್ ಫೈಲ್ ಅಂತ ಶುರುವಾಗಿ ಮಧ್ಯದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಬರುತ್ತೆ, ಅದನ್ನ ಫೈಲ್‌ಗೆ ಕೊಟ್ರೆ ಯುಆರ್‌ಐ ಈಸ್ ನಾಟ್ ಹೈರಾರ್ಕಿಕಲ್ ಅಂತ ಬೈಯುತ್ತೆ. ಯಾವುದೋ ಲೈಬ್ರರಿ ಫೈಲೇ ಬೇಕು ಅಂತ ಹಟ ಮಾಡಿದ್ರೆ ಸ್ಟ್ರೀಮ್‌ನಿಂದ ಓದಿ ಟೆಂಪ್ ಫೈಲ್‌ಗೆ ಬರೆದು ಅದನ್ನ ಕೊಡಿ. ಫಾಂಟ್‌ಗೆ ಆ ಗೋಳಿಲ್ಲ, ಕ್ರಿಯೇಟ್‌ಫಾಂಟ್ ನೇರ ಸ್ಟ್ರೀಮ್ ತಗೊಳ್ಳುತ್ತೆ. ಹಾಗೆ ಬಂದ ಫಾಂಟ್ ಸೈಜ್ ಒಂದು ಪಾಯಿಂಟ್ ಇರುತ್ತೆ, ಡಿರೈವ್‌ಫಾಂಟ್ ಮಾಡಿ 14ಕ್ಕೋ 16ಕ್ಕೋ ಏರಿಸದಿದ್ರೆ ಪರದೆ ಮೇಲೆ ಧೂಳು ಬಿದ್ದ ಹಾಗೆ ಕಾಣುತ್ತೆ, ಫಾಂಟ್ ಲೋಡ್ ಆಗಿಲ್ಲ ಅಂತ ಮತ್ತೆ ಬಿಲ್ಡ್ ಸ್ಕ್ರಿಪ್ಟ್ ಕೆದಕಬೇಡಿ.

ಕನ್ನಡ ಪ್ರಾಪರ್ಟೀಸ್ ಫೈಲು

ಇದು ನಮಗೇ ವಿಶೇಷವಾಗಿ ಕಾಡೋದು, ಇಂಗ್ಲಿಷ್ ಒಂದರಲ್ಲೇ ಪ್ರೋಗ್ರಾಂ ಬರೆಯೋರಿಗೆ ಗೊತ್ತೇ ಆಗಲ್ಲ. ಮೆನುವಲ್ಲಿ ಮುದ್ರಿಸು ಅಂತ ಬರೋ ಕಡೆ ಒಂದೊಂದು ಕನ್ನಡ ಚಿಹ್ನೆಗೆ ಮೂರು ಮೂರು ಲ್ಯಾಟಿನ್ ಕಸ ಬರುತ್ತೆ. ಯಾಕಂದ್ರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೆ ಮೂರು ಬೈಟು, ಹಳೇ ಜಾವಾ ಪ್ರಾಪರ್ಟೀಸ್ ಫೈಲನ್ನ ಐಎಸ್‌ಒ-8859-1 ಅಂತ ಓದಿ ಪ್ರತಿ ಬೈಟನ್ನೂ ಒಂದು ಅಕ್ಷರ ಅಂದ್ಕೊಳ್ಳುತ್ತೆ. ಆಗೆಲ್ಲ ನೇಟಿವ್ ಟು ಆಸ್ಕಿ ಅನ್ನೋ ಟೂಲ್‌ನಿಂದ ಕನ್ನಡವನ್ನೆಲ್ಲ ಬ್ಯಾಕ್‌ಸ್ಲ್ಯಾಶ್ ಯು ನಂಬರುಗಳಾಗಿ ಬದಲಿಸಬೇಕಿತ್ತು, ಆ ಫೈಲನ್ನ ಓದಿ ತಿದ್ದೋದಕ್ಕೆ ಮನುಷ್ಯರಿಂದ ಆಗ್ತಿರ್ಲಿಲ್ಲ.

2017ರಲ್ಲಿ ಬಂದ ಜಾವಾ 9ರಿಂದ, ಭಾಷೆಗೆ ತಕ್ಕ ಪದಗಳನ್ನ ತರೋ ರಿಸೋರ್ಸ್‌ಬಂಡಲ್ ಪ್ರಾಪರ್ಟೀಸನ್ನ ಯುಟಿಎಫ್-8 ಅಂತಲೇ ಓದುತ್ತೆ, ಆ ಟೂಲನ್ನೂ ತೆಗೆದುಹಾಕಿದ್ರು. ಆದ್ರೆ ಗಮನಿಸಿ, ಬದಲಾಗಿದ್ದು ರಿಸೋರ್ಸ್‌ಬಂಡಲ್ ಮಾತ್ರ. ನೀವೇ ಪ್ರಾಪರ್ಟೀಸ್ ಆಬ್ಜೆಕ್ಟ್ ಮಾಡಿ ಲೋಡ್‌ಗೆ ನೇರ ಸ್ಟ್ರೀಮ್ ಕೊಟ್ರೆ ಇವತ್ತಿಗೂ ಹಳೇ ಐಎಸ್‌ಒ ಲೆಕ್ಕವೇ. ಇನ್‌ಪುಟ್‌ಸ್ಟ್ರೀಮ್‌ರೀಡರ್ ಒಳಗೆ ಯುಟಿಎಫ್-8 ಅಂತ ಹೇಳಿ ಆ ರೀಡರ್ ಕೊಡಿ. 2022ರ ಜಾವಾ 18ರಿಂದ ಡೀಫಾಲ್ಟ್ ಚಾರ್‌ಸೆಟ್ಟೇ ಯುಟಿಎಫ್-8 ಆಗಿದೆ ನಿಜ, ಆದ್ರೆ ಪ್ರಾಪರ್ಟೀಸ್ ಲೋಡ್‌ಗೂ ಅದಕ್ಕೂ ಸಂಬಂಧ ಇಲ್ಲ. ಕಸದ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆ ಬರ್ತಿದ್ರೆ ಅದು ಬೇರೆ ರೋಗ, ಬಿಲ್ಡ್ ಆಗೋವಾಗ ಫಿಲ್ಟರಿಂಗ್‌ನಲ್ಲೇ ಕನ್ನಡ ಹೋಗಿರುತ್ತೆ, ಜಾರ್‌ನಿಂದ ಫೈಲ್ ಹೊರಗೆ ತೆಗೆದು ಎಡಿಟರ್‌ನಲ್ಲಿ ನೋಡಿದ್ರೆ ಅಲ್ಲೂ ಪ್ರಶ್ನಾರ್ಥಕ ಚಿಹ್ನೆಯೇ ಇರುತ್ತೆ. ಚೌಕ ಚೌಕ ಕಂಡ್ರೆ ಫಾಂಟ್ ಇಲ್ಲ ಅಂತ, ಅಕ್ಷರ ಸರಿಯಾಗೇ ಬಂದಿದೆ.

ಎಲ್ಲಾ ಸೇರಿಸಿ ಒಂದೇ ಜಾರ್ ಮಾಡೋರಿಗೆ

ಡಿಪೆಂಡೆನ್ಸಿಗಳನ್ನೂ (ಪ್ರೋಗ್ರಾಂ ಬಳಸೋ ಬೇರೆ ಲೈಬ್ರರಿಗಳು) ಒಳಗೆ ಹಾಕಿ ಫ್ಯಾಟ್ ಜಾರ್ ಮಾಡೋವಾಗ ಎರಡು ಲೈಬ್ರರಿಗಳಲ್ಲಿ ಒಂದೇ ಪಾತ್‌ನ ಫೈಲ್ ಇದ್ರೆ ಒಂದು ಮಾತ್ರ ಉಳಿಯುತ್ತೆ. ಮೆಟಾ-ಐಎನ್‌ಎಫ್/ಸರ್ವಿಸಸ್ ಕೆಳಗಿನ ಫೈಲುಗಳಲ್ಲಿ ಇದು ಆದ್ರೆ ಜೆಡಿಬಿಸಿ (ಡೇಟಾಬೇಸ್ ಜೊತೆ ಮಾತಾಡೋ) ಡ್ರೈವರ್ ಸಿಗ್ತಿಲ್ಲ ಅನ್ನೋ ಥರದ ಎರರ್ ಬರುತ್ತೆ. ಮೇವನ್ ಶೇಡ್ ಪ್ಲಗಿನ್‌ನಲ್ಲಿ ಸರ್ವಿಸಸ್ ರಿಸೋರ್ಸ್ ಟ್ರಾನ್ಸ್‌ಫಾರ್ಮರ್ ಹಾಕಿ, ಗ್ರೇಡಲ್ ಶ್ಯಾಡೋದಲ್ಲಿ ಮರ್ಜ್ ಸರ್ವಿಸ್ ಫೈಲ್ಸ್, ಅವು ಫೈಲುಗಳನ್ನ ಒಂದರ ಕೆಳಗೊಂದು ಜೋಡಿಸ್ತವೆ. ಇನ್ವ್ಯಾಲಿಡ್ ಸಿಗ್ನೇಚರ್ ಫೈಲ್ ಡೈಜೆಸ್ಟ್ ಅಂತ ಬಂದ್ರೆ ಸೈನ್ ಆದ ಯಾವುದೋ ಲೈಬ್ರರಿಯ ಎಸ್‌ಎಫ್, ಆರ್‌ಎಸ್‌ಎ, ಡಿಎಸ್‌ಎ ಫೈಲು ಒಳಗೆ ಬಂದಿದೆ, ಎಕ್ಸ್‌ಕ್ಲೂಡ್ ಮಾಡಿ. ನಿಮ್ಮ ಸ್ವಂತ ರಿಸೋರ್ಸುಗಳನ್ನ ಬುಡದಲ್ಲೇ ಐಕಾನ್ಸ್ ಅಂತ ಇಡೋ ಬದಲು ಪ್ಯಾಕೇಜ್ ಹೆಸರಿನ ಫೋಲ್ಡರ್ ಕೆಳಗೆ ಇಟ್ರೆ ಇಂಥ ಡಿಕ್ಕಿ ಆಗೋದೇ ತಪ್ಪುತ್ತೆ. ಮಾಡ್ಯೂಲ್ ಸಿಸ್ಟಮ್ ಬಳಸೋರಾದ್ರೆ ಹಾಗೆ ಪ್ಯಾಕೇಜ್ ಕೆಳಗಿಟ್ಟ ಫೈಲ್ ಬೇರೆ ಮಾಡ್ಯೂಲ್‌ಗೆ ಕಾಣಲ್ಲ, ಮಾಡ್ಯೂಲ್ ಇನ್ಫೋದಲ್ಲಿ ಆ ಪ್ಯಾಕೇಜ್‌ಗೆ ಓಪನ್ಸ್ ಕೊಡ್ಬೇಕು.

ಪಾಸ್‌ವರ್ಡ್, ಎಪಿಐ ಕೀ ಇರೋ ಕಾನ್ಫಿಗ್ ಫೈಲನ್ನ ಮಾತ್ರ ರಿಸೋರ್ಸಸ್‌ನಲ್ಲಿ ಇಡಲೇಬೇಡಿ. ಮೇಲೆ ಹೇಳಿದ ಹಾಗೆ ಎಕ್ಸ್‌ಟೆನ್ಶನ್ ಝಿಪ್ ಅಂತ ಮಾಡಿದ್ರೆ ಯಾರು ಬೇಕಾದ್ರೂ ಓದ್ತಾರೆ.

ಕಳಿಸೋ ಮುಂಚೆ

ಯೂನಿಟ್ ಟೆಸ್ಟ್ ಪಾಸ್ ಆಯ್ತು ಅಂತ ನಂಬಬೇಡಿ, ಅವು ಓಡೋದು ಟಾರ್ಗೆಟ್/ಕ್ಲಾಸಸ್ ಥರದ ಬಿಚ್ಚಿಟ್ಟ ಫೋಲ್ಡರ್ ಮೇಲೆ, ಜಾರ್ ಮೇಲಲ್ಲ. ಸಿಐ (ತಾನಾಗೇ ಬಿಲ್ಡ್, ಟೆಸ್ಟ್ ಓಡಿಸೋ ವ್ಯವಸ್ಥೆ) ಇದ್ರೆ ಪ್ಯಾಕೇಜ್ ಆದ್ಮೇಲೆ ಜಾರ್ ಟಿಎಫ್ ಕೊಟ್ಟು ಅದರಲ್ಲಿ ಫಾಂಟ್, ಲೋಗೋ, ಲೈಸೆನ್ಸ್ ಮೂರೂ ಇದೆಯಾ ಅಂತ ಗ್ರೆಪ್ (ಪದ ಹುಡುಕೋ ಕಮಾಂಡ್) ಮಾಡೋ ಒಂದು ಸ್ಟೆಪ್ ಹಾಕಿ, ಇಲ್ಲ ಅಂದ್ರೆ ಬಿಲ್ಡ್ ಫೇಲ್ ಆಗ್ಲಿ. ಆಮೇಲೆ ಜಾರ್ ಒಂದನ್ನೇ ತಗೊಂಡು ಪ್ರಾಜೆಕ್ಟ್ ಫೋಲ್ಡರ್‌ನಿಂದ ದೂರ ಎಲ್ಲಾದ್ರೂ ಇಟ್ಟು ಅಲ್ಲಿಂದ ಓಡಿಸಿ, ಯಾಕಂದ್ರೆ ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ ನಿಂತು ಓಡಿಸಿದ್ರೆ ಕೋಡ್ ಎಲ್ಲೋ ಎಸ್‌ಆರ್‌ಸಿ/ಮೇನ್/ರಿಸೋರ್ಸಸ್ ಅಂತ ನೇರ ಓದ್ತಿದ್ರೂ ಗೊತ್ತಾಗಲ್ಲ. ಆ ಫೋಲ್ಡರ್ ಹೆಸರಲ್ಲಿ ಮಧ್ಯೆ ಒಂದು ಸ್ಪೇಸ್ ಇರ್ಲಿ, ಯುಆರ್‌ಎಲ್ ಪಾತ್‌ನ ಹಾಗೇ ಫೈಲ್ ಪಾತ್ ಅಂತ ಬಳಸಿರೋ ಕೋಡ್ ಸ್ಪೇಸ್ ಜಾಗದಲ್ಲಿ ಪರ್ಸೆಂಟ್ 20 ಬಂದು ಅಲ್ಲೇ ಸಿಕ್ಕಿಬೀಳುತ್ತೆ.